ಬಳ್ಳಾರಿಯ ಮನೆಗೆ ಬೀಗ ಹಾಕುವ ಮುನ್ನ: ಹಿರಿಯರ ವಸತಿ ಸಮುಚ್ಚಯಕ್ಕೆ ಹೋಗಬೇಕೇ ಎಂದು ನಿರ್ಧರಿಸುವ ಬಗೆ

ಮಕ್ಕಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಅಮೆರಿಕದಲ್ಲೋ ನೆಲೆಸಿ, ಗಂಡ ಹೆಂಡತಿ ಇಬ್ಬರೇ ನಾಲ್ಕು ಕೋಣೆಯ ಮನೆ ಕಾಯುತ್ತ ಕುಳಿತಿರುವ ಕುಟುಂಬಗಳು ಬಳ್ಳಾರಿ, ರಾಯಚೂರು, ಕೊಪ್ಪಳಗಳ ಹಳೆಯ ಬಡಾವಣೆಗಳಲ್ಲಿ ಈಗ ಅಪರೂಪವಲ್ಲ. ಅಂಥ ಮನೆಗಳಿಗೆ ಒಂದಲ್ಲ ಒಂದು ದಿನ ಮಗನ ಫೋನಿನ ಮೂಲಕ ಈ ಮಾತು ಬರುತ್ತದೆ: ವಯಸ್ಸಾದವರಿಗೆಂದೇ ಕಟ್ಟಿದ ವಸತಿ ಸಮುಚ್ಚಯವೊಂದಿದೆ, ಊಟ, ನರ್ಸು, ಕಾವಲು ಎಲ್ಲವೂ ಅಲ್ಲೇ ಇದೆ, ನೀವಿಬ್ಬರೂ ಅಲ್ಲಿಗೆ ಹೋಗಿಬಿಡಿ. ನನ್ನ ಅಕ್ಕ ಮತ್ತು ಭಾವನವರಿಗೆ ಈ ಮಾತು ಬಂದಾಗ, ಬ್ಯಾಂಕಿನಲ್ಲಿ ಸಾಲದ ಕಾಗದಗಳನ್ನು ಓದುತ್ತಲೇ ಕೂದಲು ಹಣ್ಣಾದವನು ಎಂಬ ಕಾರಣಕ್ಕೆ, ಕರಾರು ಓದುವ ಕೆಲಸ ನನ್ನ ಪಾಲಿಗೆ ಬಂತು. ಆ ಏಳೆಂಟು ತಿಂಗಳಲ್ಲಿ ಕಲಿತದ್ದನ್ನು ಇಂಥದೇ ನಿರ್ಧಾರದ ಮುಂದೆ ನಿಂತಿರುವ ನಮ್ಮ ಭಾಗದವರಿಗಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗಬೇಕೇ ಬೇಡವೇ ಎಂಬ ಪ್ರಶ್ನೆಗಿಂತ, ಹೋದ ಮೇಲೆ ಒಗ್ಗದಿದ್ದರೆ ಮರಳಿ ಬರಲು ದಾರಿ ಉಳಿದಿರುತ್ತದೆಯೇ ಎಂಬ ಪ್ರಶ್ನೆ ದೊಡ್ಡದು. ಇಂಥ ಸಮುಚ್ಚಯಗಳು ಹೆಚ್ಚಾಗಿ ಬೆಂಗಳೂರು, ಮೈಸೂರು, ಕೊಯಮತ್ತೂರು, ಹೈದರಾಬಾದಿನ ಕಡೆ ಇರುವುದರಿಂದ, ನಮ್ಮವರಿಗೆ ಇದು ಬರೀ ಮನೆ ಬದಲಾಯಿಸುವ ಮಾತಲ್ಲ, ಊರು ಬಿಡುವ ಮಾತು. ಎಪ್ಪತ್ತರ ವಯಸ್ಸಿನಲ್ಲಿ ಊರು ಬಿಟ್ಟವರು ಎಡವಿದರೆ ಮತ್ತೆ ಎದ್ದು ನಿಲ್ಲಲು ಕಾಲಾವಕಾಶ ಕಡಿಮೆ.

ಇದು ವೃದ್ಧಾಶ್ರಮವಲ್ಲ

ನಮ್ಮ ಕಡೆ ಈ ಮಾತೆತ್ತಿದ ಕೂಡಲೇ ಓಣಿಯವರು "ಮಕ್ಕಳು ಆಶ್ರಮಕ್ಕ ಹಾಕ್ಯಾರ" ಎಂದು ಮಾತಾಡಿಕೊಳ್ಳುತ್ತಾರೆ. ಈ ಗೊಂದಲವನ್ನು ಮನೆಯೊಳಗೇ ಬಗೆಹರಿಸಿಕೊಳ್ಳದೆ ಮುಂದುವರಿಯಬಾರದು. 2007ರ ತಂದೆ ತಾಯಂದಿರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯು ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವಂತೆ, ಸ್ಥಾಪಿಸುವ ಮಾತನ್ನಾಡುತ್ತದೆ. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ಇದು ಹಣ ಕೊಟ್ಟು ಪಡೆಯುವ ವಸತಿ. ದಂಪತಿಗಳಲ್ಲಿ ಒಬ್ಬರಿಗಾದರೂ 55 ಅಥವಾ 60 ತುಂಬಿರಬೇಕು ಎಂಬ ಷರತ್ತಿನ ಮೇಲೆ ಮನೆ ಕೊಡುತ್ತಾರೆ, ಮತ್ತು ಊಟ, ಸ್ವಚ್ಛತೆ, ಆರೋಗ್ಯ ತಪಾಸಣೆ ಮುಂತಾದ ಸೇವೆಗಳಿಗೆ ತಿಂಗಳು ತಿಂಗಳು ಶುಲ್ಕ ವಸೂಲಿ ಮಾಡುತ್ತಾರೆ.

ಈ ವಯಸ್ಸಿನ ಷರತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡಿರುವುದು ಮುಖ್ಯ. ಅಮೆರಿಕದಲ್ಲಿ 1995ರ ಕಾಯ್ದೆಯೊಂದು ಇದಕ್ಕೆ ಆಧಾರ: 55 ವರ್ಷ ಮೀರಿದವರ ಸಮುಚ್ಚಯ ಎನಿಸಿಕೊಳ್ಳಬೇಕಾದರೆ, ಜನ ವಾಸವಿರುವ ಮನೆಗಳಲ್ಲಿ ಕನಿಷ್ಠ ಶೇ. 80ರಷ್ಟರಲ್ಲಿ ಆ ವಯಸ್ಸಿನ ಒಬ್ಬರಾದರೂ ಇರಬೇಕು. ಅಲ್ಲಿರುವ ಮಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿರಬಹುದು. ನಮ್ಮಲ್ಲಿ ವಯಸ್ಸಿನ ಮಿತಿ ನಿಂತಿರುವುದು ಕರಾರಿನ ಮೇಲೆ ಮತ್ತು ಸಂಘದ ಬೈಲಾಗಳ ಮೇಲೆ. ಆದ್ದರಿಂದ ಕಾಗದದಲ್ಲಿ ಬರೆದಿರುವುದೇ ಅಲ್ಲಿನ ಕಾನೂನು. ಮಾರಾಟ ವಿಭಾಗದ ಹುಡುಗ ಬಾಯಲ್ಲಿ ಹೇಳಿದ ಯಾವುದಕ್ಕೂ ಬೆಲೆಯಿಲ್ಲ.

ಹೋಗಬೇಕೆನಿಸಿದ ಕಾರಣವನ್ನು ಬರೆದಿಡಿ

ಒಂದೊಂದು ಹಾಳೆಯ ಮೇಲೆ ಗಂಡ ಹೆಂಡತಿ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ತೋರಿಸದೆ, ಈಗಿನ ಮನೆಯಲ್ಲಿ ತಮಗೆ ಕಷ್ಟವಾಗಿರುವುದು ಯಾವುದು ಎಂದು ಬರೆಯಬೇಕು. ಇದು ಮಕ್ಕಳಾಟದಂತೆ ಕಂಡರೂ ನನ್ನ ಅನುಭವದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಉಪಯೋಗವಾದದ್ದು ಇದೇ. ಭಾವನವರು ತಮ್ಮ ಹಾಳೆಯಲ್ಲಿ ಆಸ್ಪತ್ರೆ, ಕಳ್ಳರ ಭಯ, ಬೇಸಿಗೆಯಲ್ಲಿ ನೀರು ಎಂದು ಬರೆದಿದ್ದರು. ಅಕ್ಕ ಬರೆದದ್ದು ಎರಡೇ ಸಾಲು: ಬಚ್ಚಲಿನ ಮೆಟ್ಟಿಲು, ಮತ್ತು ದಿನಕ್ಕೆ ಎರಡು ಹೊತ್ತು ಅಡಿಗೆ. ನಲವತ್ತೈದು ವರ್ಷ ಒಲೆಯ ಮುಂದೆ ನಿಂತವಳು ಇನ್ನು ನಿಲ್ಲಲಾರೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹಾಳೆ ಕೈಗೆ ಬಂದ ಮೇಲೆ, ಅದರಲ್ಲಿರುವ ತೊಂದರೆಗಳಲ್ಲಿ ಊರು ಬಿಡದೆಯೇ ನಿವಾರಣೆಯಾಗುವಂಥವು ಎಷ್ಟು ಎಂದು ನೋಡಬೇಕು. ಅಕ್ಕನ ಬಚ್ಚಲಿನ ಹೊಸ್ತಿಲು ಸರಿಯಾಗಿ ಐದು ಅಂಗುಲ ಎತ್ತರವಿತ್ತು. ಅದನ್ನು ಒಡೆಸಿ ಇಳಿಜಾರು ಮಾಡಿಸಿ, ಜಾರದ ಟೈಲ್ಸ್ ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸಿ, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ ಇಡಲು ಒಬ್ಬ ಗೌಂಡಿಗೆ ಮೂರು ದಿನ ಸಾಕಾಯಿತು. ಅಡಿಗೆಯ ವಿಷಯಕ್ಕೂ ನಮ್ಮ ಊರುಗಳಲ್ಲಿ ದಾರಿಯಿದೆ. ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿದ್ದಾರೆ, ಪಲ್ಯ ಸಾರು ಡಬ್ಬಿಗೆ ಹಾಕಿಕೊಡುವ ಖಾನಾವಳಿಗಳಿವೆ. ಮೇಲಿನ ಮಹಡಿಯಲ್ಲಿ ಇರುವವರು ಕೆಳಗಿಳಿದು, ಮೇಲಿನದನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟರೆ ರಾತ್ರಿ ಹೊತ್ತು ಕೂಗಿದರೆ ಓಗೊಡುವ ಜನ ಸಿಕ್ಕಂತಾಗುತ್ತದೆ. ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲೋ ಗಂಗಾವತಿಯ ಆಚೆಯ ಹಳ್ಳಿಗಳಲ್ಲೋ ಇರುವವರಿಗೆ, ದೂರದ ಸಮುಚ್ಚಯಕ್ಕಿಂತ ಜಿಲ್ಲಾ ಕೇಂದ್ರದಲ್ಲಿ ನೆಲಮಹಡಿಯ ಬಾಡಿಗೆ ಮನೆಯೇ ಸರಿಯಾದ ಉತ್ತರವಾಗಬಹುದು, ಏಕೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಇಷ್ಟೆಲ್ಲ ಮಾಡಿದ ಮೇಲೂ ಹಾಳೆಯಲ್ಲಿ ಏನಾದರೂ ಉಳಿದರೆ, ಅಂದರೆ ಒಂಟಿತನ, ಇಬ್ಬರಲ್ಲಿ ಒಬ್ಬರ ಮರೆಗುಳಿತನದ ಶುರು, ಓಣಿಯ ಹಳೆಯ ಸ್ನೇಹಿತರೆಲ್ಲ ಮಕ್ಕಳಿರುವಲ್ಲಿಗೆ ಹೋಗಿಬಿಟ್ಟಿರುವುದು, ಇಂಥವು ಉಳಿದರೆ, ಆಗ ಸಮುಚ್ಚಯದ ಮಾತು ನ್ಯಾಯವಾದದ್ದು. ಅಕ್ಕ-ಭಾವನವರು ತಮ್ಮ ಹಾಳೆಗಳಲ್ಲಿ ಬರೆಯದಿದ್ದರೂ, ಕೊನೆಗೂ ಉಳಿದದ್ದು ಒಂಟಿತನವೇ.

ಲೆಕ್ಕ ಹಾಕುವಾಗ ಒಬ್ಬರೇ ಉಳಿದರೆ ಎಂದು ಹಾಕಿ

ಮೂರು ಬಗೆಯ ಏರ್ಪಾಡುಗಳು ಚಾಲ್ತಿಯಲ್ಲಿವೆ. ಮನೆಯನ್ನು ಕ್ರಯಕ್ಕೆ ಕೊಳ್ಳುವುದು ಒಂದು, ದೊಡ್ಡ ಠೇವಣಿ ಇಟ್ಟು ಇರುವಷ್ಟು ಕಾಲ ವಾಸದ ಹಕ್ಕು ಪಡೆಯುವುದು ಇನ್ನೊಂದು, ತಿಂಗಳ ಬಾಡಿಗೆಗೆ ಇರುವುದು ಮೂರನೆಯದು. ಮೂರರಲ್ಲೂ ನಿರ್ವಹಣಾ ಶುಲ್ಕ ಮತ್ತು ಊಟದ ಖರ್ಚು ಬೇರೆಯೇ ಇರುತ್ತವೆ. ಜನ ಮನೆಯ ಬೆಲೆಯ ಚೌಕಾಸಿಯಲ್ಲೇ ಎಲ್ಲ ಶಕ್ತಿ ಖರ್ಚು ಮಾಡಿ, ತಿಂಗಳ ಖರ್ಚಿನ ಮೇಲೆ ಕಣ್ಣು ಹಾಯಿಸದೆ ಸಹಿ ಮಾಡುತ್ತಾರೆ. ಇದು ತಲೆಕೆಳಗಾದ ಕ್ರಮ. ಇಪ್ಪತ್ತು ವರ್ಷ ಬದುಕುವವರನ್ನು ಹಣ್ಣು ಮಾಡುವುದು ತಿಂಗಳ ಖರ್ಚೇ.

ಒಂದು ಉದಾಹರಣೆಯನ್ನು ಕಾಗದದ ಮೇಲೆ ಹಾಕಿ ನೋಡೋಣ. ನಿವೃತ್ತ ಸರ್ಕಾರಿ ನೌಕರರೊಬ್ಬರಿಗೆ ತಿಂಗಳಿಗೆ 42,000 ರೂಪಾಯಿ ಪಿಂಚಣಿ ಬರುತ್ತದೆ ಎಂದಿಟ್ಟುಕೊಳ್ಳಿ. ಸಮುಚ್ಚಯದ ನಿರ್ವಹಣಾ ಶುಲ್ಕ 14,000, ಇಬ್ಬರ ಊಟ 16,000, ಒಟ್ಟು 30,000. ಉಳಿದ 12,000ದಲ್ಲಿ ಔಷಧಿ, ಓಡಾಟ, ಮೊಮ್ಮಕ್ಕಳ ಕೈಗೆ ಕೊಡುವ ಕಾಸು ಎಲ್ಲವೂ ಆಗುತ್ತದೆ, ನೆಮ್ಮದಿಯೆನಿಸುತ್ತದೆ. ಈಗ ಪಿಂಚಣಿದಾರರು ತೀರಿಕೊಂಡರೆಂದು ಭಾವಿಸಿ. ಪಿಂಚಣಿ ಕೊನೆಯ ವೇತನದ ಅರ್ಧವಾದರೆ, ಸಾಮಾನ್ಯ ಕುಟುಂಬ ಪಿಂಚಣಿ ಅದೇ ವೇತನದ ಶೇ. 30 ಮಾತ್ರ. ಅಂದರೆ 42,000 ಇದ್ದದ್ದು 25,200ಕ್ಕೆ ಇಳಿಯುತ್ತದೆ. ಊಟದ ಖರ್ಚು 8,000ಕ್ಕೆ ಇಳಿದರೂ ನಿರ್ವಹಣಾ ಶುಲ್ಕವು ಮನೆಗೆ ಕಟ್ಟುವಂಥದ್ದಾದ್ದರಿಂದ 14,000 ಹಾಗೆಯೇ ನಿಲ್ಲುತ್ತದೆ. ಉಳಿಯುವುದು 3,200. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೇ ಅದು ಸಾಲುವುದಿಲ್ಲ. ಇದರ ಮೇಲೆ ಶುಲ್ಕವು ವರ್ಷಕ್ಕೆ ಶೇ. 8ರಂತೆ ಏರುತ್ತ ಹೋದರೆ ಒಂಬತ್ತು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಆದ್ದರಿಂದ ಲೆಕ್ಕವನ್ನು ಸದಾ ಉಳಿದವರೊಬ್ಬರ ಆದಾಯದ ಮೇಲೆ ಹಾಕಬೇಕು, ಮತ್ತು ಆ ಉಳಿದವರು ಹೆಂಡತಿಯಾಗಿದ್ದರೆ ಬ್ಯಾಂಕಿನ ಕಾಗದಗಳು ಅವರಿಗೆ ಇಂದೇ ಅರ್ಥವಾಗಿರಬೇಕು.

ಕೊರತೆ ತುಂಬಲು ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ನೆರವಾಗುತ್ತದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು. ಬಡ್ಡಿ ಶೇ. 8.2 ಇದ್ದಾಗ ಪೂರ್ತಿ ಮೊತ್ತಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500 ಬಂದಂತಾಯಿತು. ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು: ಕೈಯಲ್ಲಿರುವ ಇಡಿಗಂಟನ್ನು ಸಮುಚ್ಚಯದ ಠೇವಣಿಗೆ ಸುರಿದವರಿಗೆ ಈ ಬಡ್ಡಿ ಹುಟ್ಟುವುದಿಲ್ಲ. ಠೇವಣಿಗೆ ಬಡ್ಡಿ ಕೊಡುವುದಿಲ್ಲವೆಂದಾದರೆ, ಹೋದ ಬಡ್ಡಿಯೂ ಬಾಡಿಗೆಯೇ ಎಂದು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಊರಿನ ಮನೆ ಮಾರಿ ಆ ಹಣದಿಂದ ಹೋಗುವ ಯೋಚನೆಯಿದ್ದವರು ತೆರಿಗೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಮನೆ ಮಾರಿ ಬಂದ ಲಾಭವನ್ನು ನಿಗದಿತ ಅವಧಿಯೊಳಗೆ ಇನ್ನೊಂದು ವಾಸದ ಮನೆ ಕೊಳ್ಳಲು ತೊಡಗಿಸಿದರೆ ಬಂಡವಾಳ ಲಾಭದ ತೆರಿಗೆಯಲ್ಲಿ ವಿನಾಯಿತಿ ಇದೆ. ಠೇವಣಿ ಇಟ್ಟು ವಾಸದ ಹಕ್ಕು ಪಡೆದದ್ದನ್ನು ಮನೆ ಖರೀದಿ ಎಂದು ತೋರಿಸಲು ಹೋದರೆ ಆ ವಿನಾಯಿತಿ ಕೈತಪ್ಪುವ ಅಪಾಯವಿದೆ. ಮಾರಾಟದ ಮುಂಗಡ ತೆಗೆದುಕೊಳ್ಳುವುದಕ್ಕೆ ಮೊದಲೇ ಲೆಕ್ಕಪರಿಶೋಧಕರ ಬಳಿ ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಕರಾರಿನಲ್ಲಿ ಹುಡುಕಬೇಕಾದ ಸಾಲುಗಳು

ನಮಗೆ ಕೊಟ್ಟ ಕರಾರು ಅರವತ್ತಕ್ಕೂ ಹೆಚ್ಚು ಪುಟದ್ದಾಗಿತ್ತು, ಪೂರ್ತಿ ಇಂಗ್ಲಿಷಿನಲ್ಲಿತ್ತು. ಭಾವನವರು ಭೂತಗನ್ನಡಿ ಹಿಡಿದು ಮೊದಲ ಪುಟದಿಂದ ಓದಲು ಕುಳಿತರು. ನಾನು ಬ್ಯಾಂಕಿನ ಅಭ್ಯಾಸದಂತೆ ಕೊನೆಯ ಅನುಬಂಧಗಳಿಂದ ಹಿಂದಕ್ಕೆ ಓದಿದೆ, ಏಕೆಂದರೆ ಹಣದ ಸಂಗತಿಗಳನ್ನು ಅಲ್ಲೇ ಇಡುವುದು ವಾಡಿಕೆ. ಅತಿಥಿಗಳು ವರ್ಷಕ್ಕೆ ಒಟ್ಟು ಮೂವತ್ತು ದಿನ ಮಾತ್ರ ಉಳಿಯಬಹುದು, ಅದಕ್ಕಿಂತ ಹೆಚ್ಚಾದರೆ ದಿನಕ್ಕಿಷ್ಟು ಎಂಬ ಸಾಲು ಅಲ್ಲೇ ಇತ್ತು. ಹೆರಿಗೆಗೆ ಬರುವ ಮಗಳೂ, ಬೇಸಿಗೆ ರಜೆಗೆ ಬರುವ ಮೊಮ್ಮಕ್ಕಳೂ ಆ ಸಾಲಿನ ಪ್ರಕಾರ ಅತಿಥಿಗಳೇ. ಅಕ್ಕನಿಗೆ ಅದನ್ನು ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ ಮೊಮ್ಮಕ್ಳು ಬಂದ್ರ ನಾನs ಬಾಡಿಗಿ ಕಟ್ಟಬೇಕೇನೋ ತಮ್ಮಾ?" ಎಂದಳು. ಈ ಷರತ್ತು ವಯಸ್ಸಿನ ಮಿತಿಯಿರುವ ಜಾಗಗಳ ಸ್ವಭಾವಕ್ಕೆ ಸೇರಿದ್ದು, ಅದರಲ್ಲಿ ಮೋಸವಿಲ್ಲ. ಆದರೆ ಅದು ಮೊದಲೇ ಗೊತ್ತಿರಬೇಕು.

ಕೊಳ್ಳುವ ಯೋಜನೆಯಾದರೆ ಅದು ಆಯಾ ರಾಜ್ಯದ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾಗಿದೆಯೇ ಎಂದು ಪ್ರಾಧಿಕಾರದ ಜಾಲತಾಣದಲ್ಲೇ ನೋಡಬಹುದು. 2016ರ ರೇರಾ ಕಾಯ್ದೆಯ ಪ್ರಕಾರ ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ, ಮತ್ತು ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವರೇ ಕೊಂಡವರಿಗೆ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಆದರೆ ರೇರಾ ಕಾಯುವುದು ಗೋಡೆಯನ್ನು. ಅನ್ನ ಹಳಸಿದೆ, ರಾತ್ರಿ ಪಾಳಿಗೆ ನರ್ಸು ಬರಲಿಲ್ಲ ಎಂಬ ದೂರುಗಳು ಅದರ ವ್ಯಾಪ್ತಿಗೆ ಸುಲಭವಾಗಿ ಬರುವಂಥವಲ್ಲ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2019ರಲ್ಲಿ ಹೊರಡಿಸಿದ ನಿವೃತ್ತರ ವಸತಿಗಳ ಮಾದರಿ ಮಾರ್ಗಸೂಚಿಯು ಇದೇ ಕಾರಣಕ್ಕೆ ಕಟ್ಟಿದವರು, ಸೇವೆ ಕೊಡುವವರು ಮತ್ತು ಮನೆ ಪಡೆದವರು ಮೂವರೂ ಸಹಿ ಹಾಕುವ ಕರಾರನ್ನು ಸೂಚಿಸುತ್ತದೆ. ಅಂಥ ಕರಾರು ಇದೆಯೇ ಎಂದು ಕೇಳಬೇಕು. ಸೇವೆ ಕೊಡುವ ಸಂಸ್ಥೆ ಸರಿಯಿಲ್ಲದಿದ್ದರೆ ನಿವಾಸಿಗಳ ಸಂಘಕ್ಕೆ ಅದನ್ನು ಬದಲಾಯಿಸುವ ಅಧಿಕಾರವಿದೆಯೇ ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ತಡವರಿಸಿದರೆ ನಾನಾದರೆ ಅಲ್ಲಿಗೇ ಎದ್ದು ಬರುತ್ತೇನೆ.

ಠೇವಣಿ ವಿಷಯದಲ್ಲಿ ಹಣ ಎಷ್ಟು ಎಂಬುದಕ್ಕಿಂತ ಅದು ಯಾವಾಗ ಹಿಂದಿರುಗುತ್ತದೆ ಎಂಬುದು ಮುಖ್ಯ. ಮನೆ ಖಾಲಿ ಮಾಡಿದ ಇಷ್ಟು ದಿನದೊಳಗೆ ಎಂದು ಬರೆದಿದ್ದರೆ ಸರಿ. ಮುಂದಿನ ನಿವಾಸಿ ಸಿಕ್ಕ ಮೇಲೆ ಎಂದಿದ್ದರೆ ಅದು ಎಂದೋ ಒಂದು ದಿನ ಎಂದಂತೆ. ಆ ಹಣಕ್ಕೆ ನಿಮ್ಮ ಕೈಯಲ್ಲಿ ಯಾವ ಅಡಮಾನವೂ ಇರುವುದಿಲ್ಲ, ಸಂಸ್ಥೆ ಮುಳುಗಿದರೆ ಅದಕ್ಕೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಭೋಗ್ಯ (ಲೀಸ್) ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬರೀ ಛಾಪಾ ಕಾಗದದ ಮೇಲೆ ಜೀವನಪರ್ಯಂತದ ಹಕ್ಕು ಎಂದು ಬರೆದುಕೊಟ್ಟರೆ ಅದರ ಬಲ ಅಷ್ಟಕ್ಕಷ್ಟೆ.

ಕೊಂಡ ಮನೆ ಮುಂದೆ ಮಕ್ಕಳಿಗೆ ಹೋಗುತ್ತದೆ ನಿಜ. ಆದರೆ ನಲವತ್ತರ ಮಗ ಅದರಲ್ಲಿ ವಾಸ ಮಾಡುವಂತಿಲ್ಲ. ಕರಾರಿನ ವಯಸ್ಸಿನ ಮಿತಿ ದಾಟಿದವರಿಗೇ ಮಾರಬೇಕು, ಇಲ್ಲವೇ ಅಂಥವರಿಗೇ ಬಾಡಿಗೆಗೆ ಕೊಡಬೇಕು. ಕೊಳ್ಳುವವರ ಸಂಖ್ಯೆಯೇ ಕಡಿಮೆಯಿರುವ ವಸ್ತು ಬೇಗ ಮಾರಾಟವಾಗುವುದಿಲ್ಲ, ಮಾರಾಟವಾಗುವ ತನಕ ನಿರ್ವಹಣಾ ಶುಲ್ಕವೂ ನಿಲ್ಲುವುದಿಲ್ಲ. ಆಸ್ತಿ ಮಾಡುವ ಆಸೆಯಿಂದ ಇಂಥ ಕಡೆ ಮನೆ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಕೊನೆಯದಾಗಿ, ಯಾವ ಸ್ಥಿತಿಯಲ್ಲಿ ಅವರು ನಿಮ್ಮನ್ನು ಇಟ್ಟುಕೊಳ್ಳುವುದಿಲ್ಲ ಎಂಬ ಸಾಲನ್ನು ಹುಡುಕಿ. ಕೆಲವು ಸಮುಚ್ಚಯಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಮೀಸಲು. ಸ್ನಾನಕ್ಕೆ ಒಬ್ಬರ ಕೈ ಬೇಕಾಯಿತೆಂದರೆ, ಮರೆವು ಹೆಚ್ಚಾಯಿತೆಂದರೆ, ಹಾಸಿಗೆ ಹಿಡಿದರೆಂದರೆ ಬೇರೆ ಕಡೆ ಹೋಗಿರೆನ್ನುತ್ತವೆ. ಯಾವ ಭಯಕ್ಕೆ ಅಲ್ಲಿಗೆ ಹೋದೆವೋ ಆ ಭಯ ನಿಜವಾದ ದಿನವೇ ಅಲ್ಲಿಂದ ಹೊರಡಬೇಕಾಗುವ ಏರ್ಪಾಡು ಅದು.

ರಾತ್ರಿ ಎರಡು ಗಂಟೆಗೆ ಏನಾಗುತ್ತದೆ

ಹಗಲು ಹೊತ್ತು ಎಲ್ಲ ಸಮುಚ್ಚಯಗಳೂ ಚೆನ್ನಾಗಿಯೇ ಕಾಣುತ್ತವೆ. ಪಾರ್ಶ್ವವಾಯು ಹೊಡೆದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಅದೂ ತಲೆಯ ಸ್ಕ್ಯಾನ್ ಆದ ಮೇಲೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಆಸ್ಪತ್ರೆ ಹತ್ತಿರವಿದೆಯೇ ಎಂಬುದಲ್ಲ. ರಾತ್ರಿ ಎರಡಕ್ಕೆ ಗುಂಡಿ ಒತ್ತಿದರೆ ಕೋಣೆಗೆ ಬರುವವರು ಯಾರು, ಅವರಿಗೆ ತರಬೇತಿ ಆಗಿದೆಯೇ, ಆಂಬುಲೆನ್ಸ್ ಆವರಣದಲ್ಲೇ ನಿಂತಿರುತ್ತದೆಯೇ ಅಥವಾ ಫೋನ್ ಮಾಡಿ ಕರೆಸಬೇಕೇ, ಅದರ ಚಾಲಕ ರಾತ್ರಿ ಅಲ್ಲೇ ಮಲಗುತ್ತಾನೆಯೇ, ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ನಿಮಿಷ: ಇವನ್ನು ಒಂದೊಂದಾಗಿ ಕೇಳಿ. ನಾನು ಇವನ್ನೆಲ್ಲ ವ್ಯವಸ್ಥಾಪಕರನ್ನು ಕೇಳಿ ಉತ್ತರ ಬರೆದುಕೊಂಡೆ, ಆಮೇಲೆ ಗೇಟಿನ ಬಳಿಯ ರಾತ್ರಿ ಕಾವಲುಗಾರನನ್ನೂ ಕೇಳಿದೆ. ಅವನು ಯಾದಗಿರಿ ಕಡೆಯವನು, ನಮ್ಮ ಮಾತು ಕೇಳಿ ಸಲಿಗೆಯಿಂದ ಹೇಳಿದ: ಗಾಡಿ ಇರುವುದು ಇಲ್ಲೇ, ಆದರೆ ಚಾಲಕನ ಮನೆ ನಾಲ್ಕು ಕಿಲೋಮೀಟರ್ ದೂರ. ಎರಡೂ ಉತ್ತರಗಳು ಸುಳ್ಳಾಗಿರಲಿಲ್ಲ. ಆದರೆ ಮೊದಲನೆಯದು ಅರ್ಧ ಮಾತ್ರ ಹೇಳಿತ್ತು.

ಕಟ್ಟಡವನ್ನು ಕೈಯಲ್ಲಿ ಟೇಪು ಹಿಡಿದು ನೋಡಿ. ಗಾಲಿಕುರ್ಚಿ ಸರಾಗವಾಗಿ ಹೋಗಲು ಬಾಗಿಲು ಸುಮಾರು 90 ಸೆಂಟಿಮೀಟರ್ ಅಗಲವಿರಬೇಕು, ಮುಖ್ಯವಾಗಿ ಬಚ್ಚಲಿನ ಬಾಗಿಲು. ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು, ಎಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದೆಯೇ ಎಂದು ನೋಡಿ. ಕರೆಂಟು ಹೋದಾಗ ಲಿಫ್ಟಿಗೂ ಕೋಣೆಗೂ ಜನರೇಟರ್ ಬರುತ್ತದೆಯೇ ಎಂದು ಅಲ್ಲಿರುವ ನಿವಾಸಿಗಳನ್ನೇ ಕೇಳಿ.

ಆರೋಗ್ಯ ವಿಮೆಯನ್ನು ಸಮುಚ್ಚಯದ ಸೇವೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ತಿಂಗಳ ಶುಲ್ಕದಲ್ಲಿ ತಪಾಸಣೆ ಸೇರಿರಬಹುದು, ಆಸ್ಪತ್ರೆಯ ಬಿಲ್ಲು ಸೇರಿರುವುದಿಲ್ಲ.

ಒಂದು ತಿಂಗಳು ಇದ್ದು ನೋಡಿ, ಅದೂ ಕಷ್ಟದ ತಿಂಗಳು

ಹೆಚ್ಚಿನವರು ಮಾಡುವ ತಪ್ಪು ಇದೇ. ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟಿರುವ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಮುಚ್ಚಯ ನೋಡಲು ಹೋಗುತ್ತಾರೆ. ಎರಡು ದಿನ ತಂಪು ಗಾಳಿಗೆ ಕುಳಿತು, ಮಾರಾಟದವರು ಬಡಿಸಿದ ಸಿಹಿ ಉಂಡು, ಅಲ್ಲೇ ಮುಂಗಡ ಕಟ್ಟಿ ಬರುತ್ತಾರೆ. ಅವರಿಗೆ ಬಿಸಿಲಿನಿಂದ ಬಿಡುಗಡೆ ಬೇಕಾಗಿತ್ತೇ ಹೊರತು ಮನೆಯಲ್ಲ. ನಾನು ಅಕ್ಕನವರನ್ನು ಜುಲೈನಲ್ಲಿ ಕಳಿಸಿದೆ. ಸುರಿಯುವ ಜಡಿಮಳೆ, ಒಣಗದ ಬಟ್ಟೆ, ಮೊಣಕಾಲಿನ ನೋವು ಎಲ್ಲವೂ ಇರುವ ತಿಂಗಳು ಅದು. ಅನೇಕ ಸಮುಚ್ಚಯಗಳು ಬಾಡಿಗೆ ಕೊಟ್ಟು ಕೆಲವು ವಾರ ಇದ್ದು ನೋಡಲು ಅವಕಾಶ ಕೊಡುತ್ತವೆ, ಕೊಡದ ಕಡೆ ಹೋಗುವ ಅಗತ್ಯವಿಲ್ಲ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋದ ಅಕ್ಕ ಮೂರನೆಯ ದಿನವೇ ಫೋನ್ ಮಾಡಿದಳು. ರಾತ್ರಿ ಊಟದ ಗಂಟೆ ಏಳೂವರೆಗೆ ಬಾರಿಸುತ್ತಾರೆ, ಎಂಟೂವರೆಗೆ ಊಟದ ಮನೆಯ ದೀಪ ಆರಿಸುತ್ತಾರೆ, ತಟ್ಟೆಯಲ್ಲಿ ಮೆತ್ತನೆಯ ಚಪಾತಿ ಮತ್ತು ಸಿಹಿ ಬೆರೆತ ಸಾರು. ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿಯಲ್ಲಿ ಬೆಳೆದ ಹೊಟ್ಟೆಗೆ ಇದು ಸಣ್ಣ ಮಾತಲ್ಲ. ಊರಿನಿಂದ ಒಂದು ಡಬ್ಬಿ ರೊಟ್ಟಿ, ಚಟ್ನಿಪುಡಿ ಕಳಿಸಿ ಮೊದಲ ವಾರ ದಾಟಿಸಿದೆವು. ಕೋಣೆಯಲ್ಲಿ ಒಲೆ ಹಚ್ಚಲು ಅನುಮತಿಯಿದೆಯೇ ಎಂದು ಕೇಳುವುದು ನಾನು ಮರೆತಿದ್ದ ಪ್ರಶ್ನೆ. ನೀವು ಮರೆಯಬೇಡಿ. ಕೆಲವು ಸಮುಚ್ಚಯಗಳಲ್ಲಿ ಸಸ್ಯಾಹಾರ ಕಡ್ಡಾಯ, ಕೋಣೆಯೊಳಗೂ ಮೊಟ್ಟೆ ಬೇಯಿಸುವಂತಿಲ್ಲ. ಭಾನುವಾರ ಮಟನ್ ಸಾರು ಮಾಡುವ ಮನೆತನದವರು ಇದನ್ನು ಸಂಕೋಚವಿಲ್ಲದೆ ಮೊದಲ ಭೇಟಿಯಲ್ಲೇ ಕೇಳಿಬಿಡಬೇಕು.

ಭಾಷೆಯ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಬಳ್ಳಾರಿಯವರಿಗೆ ತೆಲುಗು, ರಾಯಚೂರಿನವರಿಗೆ ತೆಲುಗಿನ ಜೊತೆಗೆ ಉರ್ದು ಬಾಯಲ್ಲೇ ಇರುತ್ತವೆ. ಹಾಗಾಗಿ ರಾಯಚೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಹೈದರಾಬಾದ್ ಅಲ್ಲಿನವರಿಗೆ ಬೆಂಗಳೂರಿಗಿಂತ ಹತ್ತಿರದ ಊರು, ದಾರಿಯಲ್ಲೂ ಮಾತಿನಲ್ಲೂ. ಕೊಪ್ಪಳದವರಿಗೆ ಹುಬ್ಬಳ್ಳಿ-ಧಾರವಾಡದ ಕಡೆ ಊಟ, ಮಾತು ಎರಡೂ ಹೊಂದುತ್ತವೆ. ತಮಿಳು ಬಾರದವರು ಕೊಯಮತ್ತೂರಿಗೆ ಹೋದರೆ ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವ ಆಯಾಳೊಂದಿಗೆ ಏನು ಮಾತಾಡುತ್ತಾರೆ ಎಂದು ಯೋಚಿಸಬೇಕು. ಮರೆವಿನ ಕಾಯಿಲೆ ಬಂದವರಿಗೆ ಮೊದಲು ಜಾರುವುದು ಆಮೇಲೆ ಕಲಿತ ಭಾಷೆಗಳು. ತಾಯ್ನುಡಿ ಕೊನೆಯವರೆಗೆ ಉಳಿಯುವುದು ಸಾಮಾನ್ಯ.

ಆ ಒಂದು ತಿಂಗಳಲ್ಲಿ ಊಟದ ಮನೆಯಲ್ಲಿ ದಿನವೂ ಬೇರೆ ಬೇರೆಯವರ ಪಕ್ಕ ಕೂರಬೇಕು. ಶುಲ್ಕ ಕಳೆದ ಮೂರು ವರ್ಷದಲ್ಲಿ ಎಷ್ಟು ಏರಿತು, ಬಿಟ್ಟು ಹೋದವರು ಯಾಕೆ ಬಿಟ್ಟರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಉಳಿದವರು ಹೇಗಿದ್ದಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಸಾವಿನ ಮಾತನ್ನೂ ಆಡಿಕೊಳ್ಳಿ. ನಮ್ಮ ಭಾಗದಲ್ಲಿ ಅನೇಕ ಮನೆತನಗಳು ತಮ್ಮವರನ್ನು ಸ್ವಂತ ಹೊಲದಲ್ಲಿ ಹಿರಿಯರ ಸಮಾಧಿಯ ಪಕ್ಕ ಮಣ್ಣು ಮಾಡುತ್ತವೆ. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ದೇಹವನ್ನು ಊರಿಗೆ ತರುವವರು ಯಾರು, ಶೈತ್ಯ ಪೆಟ್ಟಿಗೆ ಸಮುಚ್ಚಯದಲ್ಲಿದೆಯೇ ಎಂಬುದನ್ನು ಮಕ್ಕಳಿಗೆ ಹೇಳಿ ಬರೆದಿಟ್ಟರೆ, ಆ ರಾತ್ರಿ ಅಮೆರಿಕದಿಂದ ಫೋನು ಹಿಡಿದ ಮಗ ತಡಕಾಡಬೇಕಾಗುವುದಿಲ್ಲ.

ಊರಿನ ಮನೆಯನ್ನು ಕೈಬಿಡದಿರುವುದು

ಹೋಗುವುದೆಂದು ತೀರ್ಮಾನಿಸಿದ ಉತ್ಸಾಹದಲ್ಲಿ ಜನ ಮಾಡುವ ಕೆಲಸವೆಂದರೆ ಊರಿನ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವುದು. ಹೇಗೂ ನಾವು ಇರುವುದಿಲ್ಲವಲ್ಲ ಎಂಬುದು ಅವರ ವಾದ. ದಾನಪತ್ರ ನೋಂದಣಿಯಾದ ಕ್ಷಣದಿಂದ ಮನೆ ಅವರದಲ್ಲ. 2007ರ ಕಾಯ್ದೆಯ 23ನೆಯ ಕಲಮು, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಆ ಷರತ್ತು ಮುರಿದರೆ ವರ್ಗಾವಣೆಯನ್ನು ರದ್ದುಪಡಿಸುವ ಅವಕಾಶ ಕೊಡುತ್ತದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹಾಕಬೇಕು. ಆದರೆ ಅಂಥ ಷರತ್ತಿತ್ತು ಎಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಷರತ್ತನ್ನು ಪತ್ರದಲ್ಲೇ ಬರೆಸುವುದು ಒಂದು ದಾರಿ, ದಾನಪತ್ರವನ್ನೇ ಮಾಡದೆ ಉಯಿಲು ಬರೆಯುವುದು ಅದಕ್ಕಿಂತ ಒಳ್ಳೆಯ ದಾರಿ. ಉಯಿಲು ಬರೆದವರ ಕಾಲಾನಂತರವಷ್ಟೇ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಎಷ್ಟು ಸಲವಾದರೂ ಬದಲಾಯಿಸಬಹುದು.

ಮನೆ ಮಾರಲೇಬೇಕಾದವರೂ ಮೊದಲ ಒಂದು ವರ್ಷ ಮಾರದಿರುವುದು ಒಳ್ಳೆಯದು. ಆ ವರ್ಷ ಸಮುಚ್ಚಯದಲ್ಲಿ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಇರಬಹುದು. ಕೊಂಡದ್ದಕ್ಕಿಂತ ತಿಂಗಳಿಗೆ ಒಂದಿಷ್ಟು ಹೆಚ್ಚು ಖರ್ಚಾಗಬಹುದು, ಅದು ಮರಳುವ ದಾರಿಯನ್ನು ತೆರೆದಿಟ್ಟುಕೊಳ್ಳುವ ಬೆಲೆ.

ಅಕ್ಕ ಮತ್ತು ಭಾವನವರು ಅದನ್ನೇ ಮಾಡಿದರು. ಜುಲೈನ ಆ ತಿಂಗಳು ಮುಗಿಯುವಷ್ಟರಲ್ಲಿ ಭಾವನವರಿಗೆ ಸಂಜೆ ಚದುರಂಗ ಆಡುವ ಗೆಳೆಯರು ಸಿಕ್ಕಿದ್ದರು. ಅಕ್ಕನಿಗೆ ಗದಗಿನ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ ಜೊತೆಯಾಗಿದ್ದರು. ಇಬ್ಬರೂ ಸೇರಿ ಅಡಿಗೆಯವನಿಗೆ ವಾರಕ್ಕೆರಡು ದಿನ ಜೋಳದ ರೊಟ್ಟಿ ಮಾಡಲು ಕಲಿಸಿದ್ದಾರಂತೆ, ದಪ್ಪಗೆ ಬಡಿಯುತ್ತಾನೆ ಎಂಬ ದೂರು ಇನ್ನೂ ಇದೆ. ಈಗ ಅವರು ಬಾಡಿಗೆಗೆ ಅಲ್ಲಿದ್ದಾರೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬಳ್ಳಾರಿಗೆ ಬಂದು ತಮ್ಮ ಮನೆಯಲ್ಲೇ ಇರುತ್ತಾರೆ, ಅಲ್ಲಿನ ಕೋಣೆಯನ್ನು ಬಿಟ್ಟುಕೊಡದೆ.

ಹೀಗೆ ಎರಡು ಕಡೆ ಇರುವವರು ಊರಿನ ಮನೆಯ ಬಗ್ಗೆ ಕೆಲವು ಕೆಲಸ ಮಾಡಿಟ್ಟಿರಬೇಕು. ಆಸ್ತಿ ತೆರಿಗೆಯನ್ನು ವರ್ಷದ ಆರಂಭದಲ್ಲೇ ಕಟ್ಟಿ, ಖಾತೆ ಮತ್ತು ಋಣಭಾರ ಪ್ರಮಾಣಪತ್ರಗಳ ಹೊಸ ಪ್ರತಿ ತೆಗೆದಿಡಬೇಕು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿಡಬೇಕು. ಪಿಂಚಣಿ ಖಾತೆಯನ್ನು ವರ್ಗಾಯಿಸುವ ಅವಸರ ಬೇಡ, ನವೆಂಬರಿನ ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಕೊಡಬಹುದು. ಕೀಲಿಯ ಒಂದು ಪ್ರತಿಯನ್ನು ನಂಬಿಕೆಯ ನೆರೆಯವರ ಬಳಿ ಅಥವಾ ಊರಲ್ಲೇ ಇರುವ ಸಂಬಂಧಿಕರ ಬಳಿ ಇಡಬೇಕು. ಅಕ್ಕನ ಮನೆಯ ಕೀಲಿ ನನ್ನ ಬಳಿ ಇದೆ. ತಿಂಗಳಿಗೊಮ್ಮೆ ಹೋಗಿ, ಕಿಟಕಿ ತೆರೆದು, ಬೋರಿನ ಮೋಟಾರನ್ನು ಐದು ನಿಮಿಷ ಓಡಿಸಿ, ನಲ್ಲಿಗಳಲ್ಲಿ ಕೆಂಪು ನೀರು ಹೋಗಿ ತಿಳಿನೀರು ಬರುವ ತನಕ ಬಿಟ್ಟು, ಮತ್ತೆ ಬೀಗ ಹಾಕಿ ಬರುತ್ತೇನೆ.